ಹೊಟ್ಟೆ ಕಾಣುವ ತನಕ ಕಾಯಬೇಡಿ

"ಹೊಟ್ಟಿ ಕಾಣ್ಲಿ ಮೇಡಂ, ಆಮ್ಯಾಲ ಗುಳಿಗಿ ಶುರು ಮಾಡ್ತೀವಿ." ಕಲಬುರಗಿಯ ನನ್ನ ಕ್ಲಿನಿಕ್ಕಿನಲ್ಲಿ ಅತ್ತೆಯಂದಿರು ಹೀಗೆ ಹೇಳಿದಾಗ ಸಿಟ್ಟು ಬರುತ್ತದೆ. ಸೊಸೆಯ ಮೇಲಿನ ಕಾಳಜಿಗೇ ಹೇಳುತ್ತಾರೆ, ಅದೂ ಗೊತ್ತು. ಆದರೆ ಆ ಗುಳಿಗೆಯಲ್ಲಿನ ಬಿ ವಿಟಮಿನ್ ಆದ ಫೋಲಿಕ್ ಆಸಿಡ್‌ನ ಮುಖ್ಯ ಕೆಲಸ ಇರುವುದೇ ಅದಕ್ಕೂ ಬಹಳ ಮೊದಲು.

ಲೆಕ್ಕ ನಿಧಾನವಾಗಿ ನೋಡಿ. ನಾವು ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಗರ್ಭ ಕಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ. ಅಲ್ಲಿಂದ ಮೂರನೇ ವಾರದಲ್ಲಿ ಭ್ರೂಣದ ಬೆನ್ನಿನ ಕಡೆ ಒಂದು ಚಪ್ಪಟೆ ಪಟ್ಟಿ ಮೂಡುತ್ತದೆ. ಮೆತ್ತನೆ ರೊಟ್ಟಿಯಲ್ಲಿ ಪುಂಡಿಪಲ್ಯ ಸುತ್ತುವಾಗ ಆಗುವಂತೆ ಅದರ ಅಂಚುಗಳು ಮೇಲೆದ್ದು ಕೂಡಿ ಕೊಳವೆಯಾಗುತ್ತವೆ. ಮುಂದೆ ಮೆದುಳು, ಬೆನ್ನುಹುರಿ ಆಗುವುದು ಇದೇ. ಇದು ಸರಿಯಾಗಿ ಮುಚ್ಚಲು ಫೋಲಿಕ್ ಆಸಿಡ್ ನೆರವಾಗುತ್ತದೆ. ತಲೆಯ ಕಡೆಯ ಬಾಯಿ ಗರ್ಭ ಕಟ್ಟಿದ 25ನೇ ದಿನದ ಆಸುಪಾಸು ಮುಚ್ಚುತ್ತದೆ, ಸೊಂಟದ ಕಡೆಯದು 28ನೇ ದಿನದ ಹೊತ್ತಿಗೆ. ಅಂದರೆ ಮುಟ್ಟು ತಪ್ಪಿ ಎರಡು ವಾರ, ಅಷ್ಟೇ. ಮೂರನೇ ತಿಂಗಳಲ್ಲಿ ನುಂಗಿದ ಗುಳಿಗೆ ಮುಚ್ಚದೆ ಉಳಿದ ಬಾಯಿಯನ್ನು ಮುಚ್ಚಲಾರದು.

"ಮೆದುಳು ಬೆಳೆಯೋದು ಆಮೇಲೆ ಅಲ್ಲವಾ?" ಎಂದು ಓದಿದವರು ಕೇಳುತ್ತಾರೆ. ಹೌದು. ಕೊಳವೆಯ ಗೋಡೆ ಮೊದಲಿಗೆ ಒಂದೇ ಪದರ. ಒಳಗಿನ ಅಂಚಿನಲ್ಲಿ ಕೋಶಗಳು ಒಂದು ಎರಡಾಗಿ ಒಡೆಯುತ್ತಲೇ ಇರುತ್ತವೆ. ಹುಟ್ಟಿದ ನರಕೋಶಗಳು ಹೊರಕ್ಕೆ ಸರಿದು ಇನ್ನೊಂದು ಪದರ ಕಟ್ಟುತ್ತವೆ, ಅವುಗಳ ಎಳೆಗಳು ತೀರಾ ಹೊರಗೆ ಹರಡುತ್ತವೆ. ಬೆನ್ನುಹುರಿಯಲ್ಲಿ ಬೂದು ಭಾಗ ಒಳಗೆ, ಬಿಳಿ ಭಾಗ ಹೊರಗೆ ಇರುವುದು ಇದರಿಂದಲೇ. ಮೆದುಳಿನ ಮೇಲ್ಪದರದಲ್ಲಿ ಮಾತ್ರ ಹೊಸ ಕೋಶಗಳು ಹಳೆಯವನ್ನು ದಾಟಿ ಮೇಲೇರುತ್ತವೆ, ಹಾಗೆ ಆರು ಪದರ ಆಗುತ್ತವೆ. ಇದಕ್ಕೆ ತಿಂಗಳುಗಳೇ ಬೇಕು. ಆದರೆ ಕೊಳವೆ ಕೂಡಿರಬೇಕಲ್ಲ!

ಜೇವರ್ಗಿ ಕಡೆಯ ಒಬ್ಬ ಹೆಣ್ಣುಮಗಳು ಐದನೇ ತಿಂಗಳಲ್ಲಿ ಮೊದಲ ಸ್ಕ್ಯಾನಿಗೆ ಬಂದಳು. ಪರದೆಯ ಮೇಲೆ ಬೆನ್ನೆಲುಬಿನ ಎರಡು ಬಿಳಿ ಸಾಲುಗಳು ಸೊಂಟದ ಹತ್ತಿರ ಅಗಲವಾಗಿ ಬಾಯಿಬಿಟ್ಟಿದ್ದವು. ಅಲ್ಲಿ ಕೊಳವೆ ಮುಚ್ಚಿರಲಿಲ್ಲ. "ಗ್ರಹಣದಾಗ ಈಳಿಗಿ ಹಿಡದಿದ್ದೆ, ಅದಕ್ಕs ಏನ್ರಿ?" ಎಂದು ಅತ್ತಳು. ಅಲ್ಲವೇ ಅಲ್ಲ ತಾಯಿ, ನಿನ್ನ ತಪ್ಪು ಏನೂ ಇಲ್ಲ ಅಂದೆ. ಅವಳಿಗೆ ಮೊದಲೇ ಯಾರೂ ಹೇಳಿರಲಿಲ್ಲ.

ತೊಗರಿಬೇಳೆ ದಿನಾ ಉಣ್ಣುತ್ತೇವಲ್ಲ ಅನ್ನಬೇಡಿ. ಅದರಲ್ಲಿ ಫೋಲೇಟ್, ಅಂದರೆ ಆಹಾರದಲ್ಲಿ ಸಿಗುವ ಇದೇ ವಿಟಮಿನ್, ಇದೆ; ಆದರೆ ಕುದಿಸಿದಾಗ ಸಾಕಷ್ಟು ಹೋಗುತ್ತದೆ. ಮಗು ಬೇಕು ಅಂದುಕೊಂಡಾಗಲೇ, ಕನಿಷ್ಠ ಒಂದು ತಿಂಗಳು ಮುಂಚೆ, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರುವಾಗಲಿ. ಹಿಂದೆ ಕೊಳವೆ ಮುಚ್ಚದ ಮಗು ಆದವರಿಗೆ ಇದರ ಹತ್ತು ಪಟ್ಟು ಬೇಕಾಗುತ್ತದೆ. 1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಪ್ರಕಟಿಸಿದ ಅಧ್ಯಯನದಲ್ಲಿ ಅಂಥವರಲ್ಲಿ ದೋಷ ಮರುಕಳಿಸುವುದು ಶೇ 72ರಷ್ಟು ಇಳಿಯಿತು. ಪೂರ್ತಿ ತಡೆಯುತ್ತದೆಂದು ನಾನು ಮಾತು ಕೊಡಲಾರೆ. ಮೂರ್ಛೆರೋಗದ ಕೆಲವು ಗುಳಿಗೆಗಳಿಂದ ಈ ದೋಷದ ಅಪಾಯ ಹೆಚ್ಚು; ಅಂಥ ಗುಳಿಗೆ ತಿನ್ನುವವರು ತಾವಾಗಿ ನಿಲ್ಲಿಸದೆ, ಬಸುರಾಗುವ ಮುಂಚೆಯೇ ಒಮ್ಮೆ ಬಂದು ಮಾತಾಡಲಿ.