ವಿರೋಧಿಸಿದವರಿಗೆ ಅಂಬೇಡ್ಕರ್ ಹೇಳಿದ ಕೃತಜ್ಞತೆ

1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಕರಡು ಸಮಿತಿಯ ಅಧ್ಯಕ್ಷ ಡಾ. ಬಿ. ಆರ್. ಅಂಬೇಡ್ಕರ್ ಮಾಡಿದ ಭಾಷಣದ ಎಚ್ಚರಿಕೆಯ ಮಾತುಗಳು ಎಲ್ಲರಿಗೂ ಗೊತ್ತು. ಅದೇ ಭಾಷಣದಲ್ಲಿ ಅವರು ತಮ್ಮನ್ನು ಪದೇ ಪದೇ ವಿರೋಧಿಸಿದ ಸದಸ್ಯರನ್ನು ಹೆಸರು ಹಿಡಿದು ನೆನೆದಿದ್ದರು. ಎಚ್. ವಿ. ಕಾಮತ್, ಕೆ. ಟಿ. ಶಾ, ಹೃದಯನಾಥ ಕುಂಜ್ರು ಆ ಪಟ್ಟಿಯಲ್ಲಿದ್ದರು. ಅವರ ಸಲಹೆಗಳನ್ನು ನಾನು ಒಪ್ಪದಿದ್ದರೂ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ, ಅವರಿಲ್ಲದಿದ್ದರೆ ಸಂವಿಧಾನದ ಹಿಂದಿನ ತತ್ವಗಳನ್ನು ವಿವರಿಸುವ ಅವಕಾಶವೇ ನನಗೆ ಸಿಗುತ್ತಿರಲಿಲ್ಲ ಎಂದರು.

ಅದೇನೂ ಶಾಂತಿಯ ಕಾಲವಲ್ಲ. 1946ರ ಡಿಸೆಂಬರ್ 9ರಂದು ಸಭೆ ಶುರುವಾದಾಗ ಮುಸ್ಲಿಂ ಲೀಗ್ ದೂರ ಉಳಿದಿತ್ತು. ಸಂವಿಧಾನದ ಮೂಲ ಆದರ್ಶಗಳನ್ನು ಸಾರುವ, ನೆಹರೂ ಮಂಡಿಸಿದ ಗುರಿಗಳ ನಿರ್ಣಯವನ್ನು ಲೀಗ್ ಬರುವವರೆಗೆ ತಡೆಹಿಡಿಯಿರಿ ಎಂದು ಎಂ. ಆರ್. ಜಯಕರ್ ಕೇಳಿದರು. ಹಲವರಿಗೆ ಸಿಟ್ಟು ಬಂತು. ಡಿಸೆಂಬರ್ 17ರಂದು ಅಂಬೇಡ್ಕರ್ ಸರದಿ. ಕಾಂಗ್ರೆಸ್ಸನ್ನು ವರ್ಷಗಟ್ಟಲೆ ಕಟುವಾಗಿ ಟೀಕಿಸಿದ್ದವರು ಅವರು. ಆದರೆ ಅಂದು ಅವರು ಹೇಳಿದ್ದೇ ಬೇರೆ: ಘೋಷಣೆಗಳನ್ನು ಬದಿಗಿಡೋಣ, ಜನರನ್ನು ಹೆದರಿಸುವ ಪದಗಳನ್ನು ಬಿಡೋಣ, ಎದುರಾಳಿಗಳನ್ನು ಜೊತೆಗೆ ಕರೆತರಲು ಒಂದಿಷ್ಟು ಬಿಟ್ಟುಕೊಡೋಣ. ದೇಶ ವಿಭಜನೆಯಿಂದ ಅವರು ಬಂಗಾಳದ ಸ್ಥಾನ ಕಳೆದುಕೊಂಡಾಗ ಅದೇ ಕಾಂಗ್ರೆಸ್ ಅವರನ್ನು ಮುಂಬೈ ಪ್ರಾಂತ್ಯದಿಂದ ಮತ್ತೆ ಸಭೆಗೆ ಕರೆತಂದಿತು.

ಕರಡಿನ ಚರ್ಚೆಯಲ್ಲಿ 7,635 ತಿದ್ದುಪಡಿಗಳ ಸೂಚನೆ ಬಂದಿತ್ತು. ಅವುಗಳಲ್ಲಿ 2,473 ಮಂಡನೆಯಾದವು. ಸೋಲುವುದು ಖಚಿತವಾಗಿದ್ದ ತಿದ್ದುಪಡಿಗೂ ಮಾತಿಗೆ ಅವಕಾಶ ಸಿಗುತ್ತಿತ್ತು, ಆಮೇಲೆ ಮತಕ್ಕೆ ಹೋಗುತ್ತಿತ್ತು. ನನ್ನ ದೃಷ್ಟಿಯಲ್ಲಿ ಆ ಸಭೆಯ ಗೌರವ ಇರುವುದು ಬೇಸರ ತರಿಸಬಹುದಾದ ಈ ಕೆಲಸದಲ್ಲೇ. ಬಹುಮತ ಕೈಯಲ್ಲಿದ್ದಾಗ ಕೇಳಿಸಿಕೊಳ್ಳುವ ತಾಳ್ಮೆ ಎಷ್ಟು ಜನಕ್ಕೆ ಇರುತ್ತದೆ?

ಕಾಮತ್ ಮಂಗಳೂರಿನಲ್ಲಿ ಹುಟ್ಟಿದವರು. ಬ್ರಿಟಿಷ್ ಸರ್ಕಾರದ ಉನ್ನತ ಆಡಳಿತ ಸೇವೆಯಾದ ಐಸಿಎಸ್ ಹುದ್ದೆ ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಬಂದವರು. ಪ್ರಸ್ತಾವನೆ 'ದೇವರ ಹೆಸರಿನಲ್ಲಿ' ಎಂದು ಶುರುವಾಗಬೇಕು ಎಂದು 1949ರ ಅಕ್ಟೋಬರ್ 17ರಂದು ಅವರು ತಿದ್ದುಪಡಿ ತಂದರು. ದೇವರನ್ನು ಮತಕ್ಕೆ ಹಾಕುವ ಮುಜುಗರ ನಮಗೆ ಬೇಡ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಇದು ಪ್ರತಿಯೊಬ್ಬರ ನಂಬಿಕೆಯ ಸ್ವಾತಂತ್ರ್ಯಕ್ಕೆ ಹೊಂದುವುದಿಲ್ಲ ಎಂದರು ಕುಂಜ್ರು. ಕಾಮತ್ ಪಟ್ಟು ಬಿಡಲಿಲ್ಲ. ಪರವಾಗಿ 41, ವಿರುದ್ಧವಾಗಿ 68 ಮತ ಬಿದ್ದವು. ಸೋತ ನೋವಿನಲ್ಲಿ ಅವರು, ಇದು ನಮ್ಮ ಇತಿಹಾಸದ ಕರಾಳ ದಿನ ಎಂದರು. ಐದೇ ವಾರದ ನಂತರ ಅಂಬೇಡ್ಕರ್ ನೆನೆದವರಲ್ಲಿ ಈ ಕಾಮತ್ ಕೂಡ ಇದ್ದರು ಅನ್ನುವುದು ನನಗೆ ತುಂಬಾ ಮುಖ್ಯ.

ದೇಶದ ಅಧಿಕೃತ ಭಾಷೆ ಯಾವುದಾಗಬೇಕು ಅನ್ನುವ ಪ್ರಶ್ನೆ ಇನ್ನೂ ಬಿಸಿಯಾಗಿತ್ತು. 1949ರ ಸೆಪ್ಟೆಂಬರ್ 12ರಂದು ಆ ಚರ್ಚೆ ಶುರು ಮಾಡುವಾಗಲೇ ಅಧ್ಯಕ್ಷ ರಾಜೇಂದ್ರ ಪ್ರಸಾದ್ ಸದಸ್ಯರನ್ನು ವಿನಂತಿಸಿಕೊಂಡರು: ಯಾರ ಮನಸ್ಸಿಗೂ ನೋವಾಗುವ ಒಂದು ಪದವೂ ಬಾಯಿಂದ ಬರದಿರಲಿ. ಸುಮ್ನೆ ಶಿಷ್ಟಾಚಾರಕ್ಕೆ ಹೇಳಿದ್ದಲ್ಲ. ಬಹುಮತದಿಂದ ಗೆದ್ದರೂ ಉತ್ತರದ ಅಥವಾ ದಕ್ಷಿಣದ ದೊಡ್ಡ ಗುಂಪು ಒಪ್ಪದಿದ್ದರೆ ಸಂವಿಧಾನವನ್ನು ನಡೆಸುವುದೇ ಕಷ್ಟ ಅನ್ನುವ ಕಾರಣವನ್ನೂ ಅವರು ಕೊಟ್ಟಿದ್ದರು.

ಹಾಗಂತ ಎಲ್ಲವೂ ಸಿಹಿಯಾಗಿರಲಿಲ್ಲ. ಎಷ್ಟೋ ತೀರ್ಮಾನಗಳು ಕಾಂಗ್ರೆಸ್ ಪಕ್ಷದ ಸಭೆಯಲ್ಲೇ ಮೊದಲು ಆಗಿರುತ್ತಿದ್ದವು. ಮಾತಿನ ಏಟುಗಳೂ ಇದ್ದವು. ನಜೀರುದ್ದೀನ್ ಅಹ್ಮದ್ ಕರಡು ಸಮಿತಿಯನ್ನು ದಿಕ್ಕಿಲ್ಲದೆ ತೇಲುವ ಸಮಿತಿ ಎಂದು ಹಂಗಿಸಿದ್ದರು. ಅಂಬೇಡ್ಕರ್ ಕೂಡ ಖಾರವಾಗಿಯೇ ಉತ್ತರ ಕೊಟ್ಟರು. ಆದರೆ ತಿರುಗೇಟು ಕೊಟ್ಟು ಅಲ್ಲಿಗೇ ಬಿಡಲಿಲ್ಲ, ಸಮಿತಿ ಯಾಕೆ ಅಷ್ಟು ಸಮಯ ತೆಗೆದುಕೊಂಡಿತು ಎಂದು ಲೆಕ್ಕ ಸಮೇತ ವಿವರಿಸಿದರು. ಇವತ್ತಿನ ಟಿವಿ ಚರ್ಚೆಗಳಲ್ಲಿ ಕಾಣೆಯಾಗಿರುವುದು ಈ ಎರಡನೇ ಭಾಗ, ಅಲ್ವಾ?

ಸೋತ ವಾದಗಳೆಲ್ಲ ದಾಖಲೆಯಲ್ಲಿ ಉಳಿದವು. ಭಾರತವನ್ನು ಜಾತ್ಯತೀತ, ಸಮಾಜವಾದಿ ಎಂದು ಸಂವಿಧಾನದಲ್ಲೇ ಬರೆಯಿರಿ ಎಂದು ಶಾ 1948ರಲ್ಲಿ ಕೇಳಿದಾಗ, ಸಮಾಜದ ರೂಪವನ್ನು ಆಯಾ ಕಾಲದ ಜನರೇ ನಿರ್ಧರಿಸಲಿ ಎಂದು ಅಂಬೇಡ್ಕರ್ ಬೇಡ ಅಂದಿದ್ದರು. ಆ ಎರಡು ಪದಗಳು 1976ರಲ್ಲಿ ಪ್ರಸ್ತಾವನೆಗೆ ಸೇರಿದವು. ತುರ್ತು ಪರಿಸ್ಥಿತಿಯ ಅಧಿಕಾರ ಜಾಸ್ತಿಯಾಯಿತು, ಹಿಟ್ಲರ್ ಇಂಥದ್ದನ್ನೇ ಬಳಸಿಕೊಂಡ ಎಂದು ಕಾಮತ್ 1949ರ ಆಗಸ್ಟ್‌ನಲ್ಲಿ ಎಚ್ಚರಿಸಿದಾಗಲೂ ಬಹುಮತ ಒಪ್ಪಿರಲಿಲ್ಲ. 1975ರಲ್ಲಿ ತುರ್ತು ಪರಿಸ್ಥಿತಿ ಬಂದೇ ಬಂತು. 1978ರಲ್ಲಿ ಸಂಸತ್ತು 44ನೇ ತಿದ್ದುಪಡಿ ತಂದು ಆ ಅಧಿಕಾರಕ್ಕೆ ಕಡಿವಾಣ ಹಾಕಿತು. ಆಗಿನ ಲೋಕಸಭೆಯಲ್ಲಿ ಕಾಮತ್ ಸದಸ್ಯರಾಗಿದ್ದರು.