ಪರ್ನಿಶಿಯಸ್ ಅನೀಮಿಯಾ ಮತ್ತು ಕ್ಯಾನ್ಸರ್: ಇಂಜೆಕ್ಷನ್ ತಲುಪದ ಜಾಗ

ಪರ್ನಿಶಿಯಸ್ ಎಂದರೆ ನಾಶ ಮಾಡುವಂಥದ್ದು. ಮೂಲ ಲ್ಯಾಟಿನ್. ಕನ್ನಡದಲ್ಲಿ ಕೆಲವರು ‘ಮಾರಕ ರಕ್ತಹೀನತೆ’ ಎಂದು ಬರೆಯುವುದುಂಟು. ಲಂಡನ್ನಿನ ಥಾಮಸ್ ಅಡಿಸನ್ 1849ರಲ್ಲೇ ಈ ಕಾಯಿಲೆಯನ್ನು ವಿವರಿಸಿದ್ದರು. 1872ರಲ್ಲಿ ಆಂಟನ್ ಬೀರ್ಮರ್ ಎಂಬ ವೈದ್ಯರು ಈ ಹೆಸರನ್ನು ಬಳಕೆಗೆ ತಂದರು. ಆಗ ಅದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಕಾಯಿಲೆ ಬಂದವರು ಬಿಳಿಚಿಕೊಂಡು, ನಿತ್ರಾಣವಾಗಿ ಸಾಯುತ್ತಿದ್ದರು. ಈಗ ವಿಟಮಿನ್ ಬಿ12 ಇಂಜೆಕ್ಷನ್ ಇದೆ, ಜನ ಚೆನ್ನಾಗಿ ಬದುಕುತ್ತಾರೆ. ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ. ರಿಪೋರ್ಟಿನಲ್ಲಿ ಆ ಹೆಸರು ಕಂಡು, ಗೂಗಲ್ ಮಾಡಿ, ‘ಹೊಟ್ಟೆಯ ಕ್ಯಾನ್ಸರ್ ಅಪಾಯ ಜಾಸ್ತಿ’ ಎಂದು ಓದಿದರೆ ಎದೆ ಧಸಕ್ ಎನ್ನುವುದು ಸಹಜ. ಆ ಒಂದು ಸಾಲನ್ನು ಸ್ವಲ್ಪ ಬಿಡಿಸಿ ನೋಡೋಣ.

ಹೆಸರಿನಲ್ಲಿ ಅನೀಮಿಯಾ ಇದ್ದರೂ ಕಾಯಿಲೆಯ ಮನೆ ಜಠರ. ಜಠರದ ಮೇಲ್ಭಾಗದ ಒಳಪದರದಲ್ಲಿ ಪರೈಟಲ್ ಕೋಶಗಳು ಎಂಬ ಕೋಶಗಳಿವೆ. ಇವು ಎರಡು ಕೆಲಸ ಮಾಡುತ್ತವೆ. ಒಂದು, ಆಸಿಡ್ ಸುರಿಸುವುದು. ಇನ್ನೊಂದು, ‘ಇಂಟ್ರಿನ್ಸಿಕ್ ಫ್ಯಾಕ್ಟರ್’ ಎಂಬ ಪ್ರೋಟೀನ್ ತಯಾರಿಸುವುದು. ಊಟದಲ್ಲಿರುವ ಬಿ12 ಈ ಪ್ರೋಟೀನಿನ ಕೈ ಹಿಡಿದುಕೊಂಡೇ ಸಣ್ಣ ಕರುಳಿನ ಕೊನೆಯವರೆಗೂ ಹೋಗಿ ರಕ್ತ ಸೇರಬೇಕು.

ಇದು ಗೊತ್ತಾದ ಕಥೆ ಸ್ವಲ್ಪ ಅಸಹ್ಯ, ಆದರೆ ಸೊಗಸಾಗಿದೆ. 1926ರಲ್ಲಿ ಬಾಸ್ಟನ್ನಿನ ವೈದ್ಯರಾದ ಮೈನಾಟ್ ಮತ್ತು ಮರ್ಫಿ, ದಿನಾ ಲಿವರ್ ತಿನ್ನಿಸಿದರೆ ರೋಗಿಗಳು ಚೇತರಿಸಿಕೊಳ್ಳುತ್ತಾರೆ ಎಂದು ತೋರಿಸಿದ್ದರು. 1934ರಲ್ಲಿ ವಿಪ್ಪಲ್ ಎಂಬ ಇನ್ನೊಬ್ಬ ಸಂಶೋಧಕರ ಜೊತೆ ಅವರಿಗೆ ನೊಬೆಲ್ ಕೂಡ ಬಂತು. ಅದೇ ಊರಿನ ವಿಲಿಯಂ ಕ್ಯಾಸಲ್‌ಗೆ ಬೇರೆ ಪ್ರಶ್ನೆ ಹುಟ್ಟಿತು: ಉಳಿದವರೆಲ್ಲ ಹೀಗೆ ಲಿವರ್ ತಿನ್ನದೆಯೇ ಆರಾಮಾಗಿದ್ದಾರಲ್ಲ? ಅವರು ಆರೋಗ್ಯವಂತರಿಗೆ ಮಾಂಸ ತಿನ್ನಿಸಿ, ಸ್ವಲ್ಪ ಹೊತ್ತು ಬಿಟ್ಟು, ಅವರ ಹೊಟ್ಟೆಯಲ್ಲಿದ್ದುದನ್ನು ಹೊರಗೆ ತೆಗೆದು ರೋಗಿಗಳಿಗೆ ಕೊಟ್ಟರು. ರೋಗಿಗಳ ರಕ್ತ ಸುಧಾರಿಸಿತು. ಬರೀ ಮಾಂಸ ಕೊಟ್ಟಾಗ ಹಾಗೆ ಆಗಲಿಲ್ಲ. ಅಂದರೆ ಆರೋಗ್ಯವಂತ ಜಠರದಲ್ಲಿ ಇರುವ ಏನೋ ಒಂದು ಇವರ ಜಠರದಲ್ಲಿ ಇಲ್ಲ. ‘ಒಳಗಿನ ಅಂಶ’ ಎಂಬರ್ಥದ ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಹೆಸರು ಹೀಗೆ ಬಂತು. ಬಿ12 ಶುದ್ಧ ರೂಪದಲ್ಲಿ ಕೈಗೆ ಸಿಕ್ಕಿದ್ದು 1948ರಲ್ಲಿ.

ಪರ್ನಿಶಿಯಸ್ ಅನೀಮಿಯಾದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಪರೈಟಲ್ ಕೋಶಗಳ ಮೇಲೆ ಬೀಳುತ್ತದೆ. ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ. ಥೈರಾಯ್ಡ್ ತೊಂದರೆ, ತೊನ್ನು, ಟೈಪ್ 1 ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಹೆಚ್ಚಾಗಿ ಕಾಣುವುದೂ ಇದೇ ಕಾರಣಕ್ಕೆ. ವರ್ಷಗಳು ಕಳೆದ ಹಾಗೆ ಜಠರದ ಒಳಪದರ ತೆಳುವಾಗುತ್ತಾ ಹೋಗುತ್ತದೆ. ಕ್ಯಾನ್ಸರ್ ಮಾತು ಶುರುವಾಗುವುದು ಇಲ್ಲಿಂದ.

ಗಡ್ಡೆಗಳಲ್ಲಿ ಎರಡು ಬಗೆ. ಎರಡನ್ನೂ ಒಂದೇ ಎಂದುಕೊಂಡರೆ ಸುಮ್ನೆ ಗಾಬರಿ.

ಮೊದಲನೆಯದು ನಾವು ಸಾಮಾನ್ಯವಾಗಿ ಜಠರದ ಕ್ಯಾನ್ಸರ್ ಎನ್ನುವ ಅಡೆನೊಕಾರ್ಸಿನೋಮ. ಸವೆದ ಒಳಪದರ ಕೆಲವರಲ್ಲಿ ಕರುಳಿನ ಒಳಪದರದ ಹಾಗೆ ಬದಲಾಗುತ್ತದೆ. ಅಂಥವರಲ್ಲಿ ತೀರಾ ಕೆಲವರಿಗೆ, ಬಹಳ ವರ್ಷಗಳ ಮೇಲೆ, ಆ ಕೋಶಗಳು ಹದ ತಪ್ಪಿ ಬೆಳೆಯುತ್ತವೆ.

ಎರಡನೆಯದರ ದಾರಿಯೇ ಬೇರೆ. ಆಸಿಡ್ ಇಲ್ಲದ್ದನ್ನು ಕಂಡು ಜಠರದ ಕೆಳಭಾಗ ‘ಇನ್ನೂ ಆಸಿಡ್ ಬೇಕು’ ಎಂದು ಗ್ಯಾಸ್ಟ್ರಿನ್ ಹಾರ್ಮೋನನ್ನು ಸುರಿಯುತ್ತಲೇ ಇರುತ್ತದೆ. ಆಸಿಡ್ ಮಾಡುವವರು ಇಲ್ಲ. ಆದರೆ ಆ ಕರೆಗೆ ಓಗೊಡುವ ಬೇರೆ ಕೋಶಗಳಿವೆ. ಅವು ಹೆಚ್ಚುತ್ತಾ ಹೋಗಿ ಸಣ್ಣ ಸಣ್ಣ ಗಂಟುಗಳಾಗುತ್ತವೆ. ಇವಕ್ಕೆ ನ್ಯೂರೋಎಂಡೋಕ್ರೈನ್ ಗಡ್ಡೆ ಎಂದು ಹೆಸರು, ಹಳೆಯ ಹೆಸರು ಕಾರ್ಸಿನಾಯ್ಡ್. ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗಿಂತ ಚಿಕ್ಕವು, ನಿಧಾನವಾಗಿ ಬೆಳೆಯುವಂಥವು, ಬೇರೆ ಕಡೆ ಹರಡುವುದು ಅಪರೂಪ. ಎಷ್ಟೋ ಸಲ ಎಂಡೋಸ್ಕೋಪಿಯಲ್ಲೇ, ಅಂದರೆ ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವಾಗಲೇ, ತೆಗೆದುಬಿಡುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಈ ಕಾಯಿಲೆ ಇರುವವರಲ್ಲಿ ಜಠರದ ಕ್ಯಾನ್ಸರ್ ಅಪಾಯ ಉಳಿದವರಿಗಿಂತ ಸುಮಾರು 7 ಪಟ್ಟು ಎಂದು ಬಂತು. ಕೇಳಿದರೆ ಭಯವಾಗುತ್ತದೆ. ಅದೇ ಲೆಕ್ಕದ ಇನ್ನೊಂದು ಅಂಕಿ ವರ್ಷಕ್ಕೆ 0.27 ಶೇಕಡಾ. ಅಂದರೆ ಇಂಥ ಸಾವಿರ ಜನರನ್ನು ಒಂದು ವರ್ಷ ಗಮನಿಸಿದರೆ ಸುಮಾರು ಮೂವರಿಗೆ ಬರಬಹುದು, 997 ಜನರಿಗೆ ಆ ವರ್ಷ ಬರುವುದಿಲ್ಲ. ಸುದ್ದಿ ಬರೆಯುವವರು 7 ಪಟ್ಟು ಎಂಬುದನ್ನೇ ಯಾಕೆ ಹಿಡಿಯುತ್ತಾರೆ ಎಂದು ಹೇಳಬೇಕಾಗಿಲ್ಲ, ಅಲ್ವಾ? ಜೊತೆಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದ ಪಾತ್ರವೂ ಇದೆ. ಅದರ ಸೋಂಕು ಎಂದೂ ತಗಲದವರಲ್ಲಿ ಈ ಅಪಾಯ ತೀರಾ ಕಡಿಮೆ ಇರಬಹುದು ಎಂದು ಇತ್ತೀಚಿನ ಸಂಶೋಧನೆ ಸೂಚಿಸುತ್ತಿದೆ. ಹಾಗಾಗಿ ಆ ಪರೀಕ್ಷೆ ಮಾಡಿಸಿ, ಸೋಂಕಿದ್ದರೆ ಚಿಕಿತ್ಸೆ ಪಡೆಯುವುದು ಒಳ್ಳೆಯದು.

ಅಮೆರಿಕದ ವಯಸ್ಸಾದವರ ದಾಖಲೆ ನೋಡಿದ ಒಂದು ದೊಡ್ಡ ಅಧ್ಯಯನದಲ್ಲಿ ಮೈಲೋಮ, ಲ್ಯುಕೇಮಿಯಾದಂಥ ರಕ್ತದ ಕ್ಯಾನ್ಸರ್‌ಗಳೂ ಇವರಲ್ಲಿ ಹೆಚ್ಚು ಕಂಡವು. ಇದನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ರಕ್ತದ ಕೆಲವು ಕಾಯಿಲೆಗಳು ಆರಂಭದಲ್ಲಿ ಬಿ12 ಕೊರತೆಯ ಹಾಗೇ ಕಾಣಬಲ್ಲವು.

ಹೆಚ್ಚು ಜನ ತಪ್ಪು ತಿಳಿಯುವುದು ಇಂಜೆಕ್ಷನ್ ವಿಷಯದಲ್ಲಿ. ಇಂಜೆಕ್ಷನ್ ಜಠರವನ್ನು ಬಳಸಿಕೊಳ್ಳದೆ ಬಿ12 ಅನ್ನು ದೇಹಕ್ಕೆ ಮುಟ್ಟಿಸುತ್ತದೆ. ಹಿಮೋಗ್ಲೋಬಿನ್ ಏರುತ್ತದೆ, ಕೈಕಾಲಿನ ಜೋಮು ಕಡಿಮೆಯಾಗುತ್ತದೆ. ಆದರೆ ಸವೆದ ಒಳಪದರ ಸವೆದೇ ಇರುತ್ತದೆ. ‘ರಿಪೋರ್ಟ್ ನಾರ್ಮಲ್ ಆಯ್ತು, ಇನ್ನೇನು’ ಎಂದು ಜಠರವನ್ನು ಮರೆಯಬಾರದು. ಹಾಗೆಂದು ಇಂಜೆಕ್ಷನ್ನೇ ಕ್ಯಾನ್ಸರ್ ತರುತ್ತದೆ ಎಂದು ಹೆದರಿ ನಿಲ್ಲಿಸುವುದು ಅದಕ್ಕಿಂತ ದೊಡ್ಡ ತಪ್ಪು. ಬಿ12 ಇಲ್ಲದೆ ನರಗಳಿಗೆ ಆಗುವ ಹಾನಿ ಕೆಲವೊಮ್ಮೆ ಪೂರ್ತಿ ಸರಿಹೋಗುವುದಿಲ್ಲ.

ಕಾಯಿಲೆ ಪತ್ತೆಯಾದ ಹೊಸದರಲ್ಲಿ ಒಮ್ಮೆ ಎಂಡೋಸ್ಕೋಪಿ ಮಾಡಿಸಿ, ಬಯಾಪ್ಸಿ (ಪರೀಕ್ಷೆಗೆಂದು ಒಳಪದರದ ಸಣ್ಣ ಚೂರು) ತೆಗೆಸಬೇಕು ಎಂದು ಅಮೆರಿಕದ ತಜ್ಞರು ಹೇಳುತ್ತಾರೆ. ಯುರೋಪಿನ 2019ರ ಮಾರ್ಗಸೂಚಿ, ಆಮೇಲೆ 3ರಿಂದ 5 ವರ್ಷಕ್ಕೊಮ್ಮೆ ನೋಡಿಸಿಕೊಂಡರೆ ಉಪಯೋಗವಾಗಬಹುದು ಎಂದಿತ್ತು. ನಿಮಗೆ ಎಷ್ಟು ಸಲ ಬೇಕು ಎಂಬುದು ಮೊದಲ ಬಯಾಪ್ಸಿಯಲ್ಲಿ ಏನು ಕಂಡಿತು ಎನ್ನುವುದರ ಮೇಲಿದೆ. ಆದರೆ ಕಾರಣವಿಲ್ಲದೆ ತೂಕ ಇಳಿದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದರೆ, ನುಂಗಲು ಕಷ್ಟವಾದರೆ, ಮಲ ಟಾರಿನಂತೆ ಕಪ್ಪಗಾದರೆ ವರ್ಷದ ಲೆಕ್ಕ ನೋಡುತ್ತಾ ಕೂರಬೇಡಿ. ಇಂಜೆಕ್ಷನ್ ಸರಿಯಾಗಿ ತಗೊಳ್ಳುತ್ತಿದ್ದರೂ ಹಿಮೋಗ್ಲೋಬಿನ್ ಮತ್ತೆ ಇಳಿದರೂ ಅಷ್ಟೇ.

ಇನ್ನು ನಮ್ಮ ಕಡೆಯ ಮಾತು. ಬಿ12 ಕಡಿಮೆ ಎಂದು ರಿಪೋರ್ಟ್ ಹಿಡಿದು ಬರುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವರಲ್ಲಿ ಬಹುಪಾಲು ಜನರಿಗೆ ಇರುವುದು ಪರ್ನಿಶಿಯಸ್ ಅನೀಮಿಯಾ ಅಲ್ಲ. ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಸೊಪ್ಪು, ಬೇಳೆಗಳಲ್ಲಿ ಅದು ಇಲ್ಲ. ಹಾಗಾಗಿ ಸಸ್ಯಾಹಾರಿಗಳಲ್ಲಿ ಕೊರತೆ ಸಾಮಾನ್ಯ. ಅವರ ಜಠರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಇಲ್ಲಿ ಹೇಳಿದ ಕ್ಯಾನ್ಸರ್ ಲೆಕ್ಕ ಅವರಿಗೆ ಸೇರುವುದಿಲ್ಲ. ಯಾವುದು ಎಂದು ಅನುಮಾನ ಬಂದರೆ ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧದ ಆ್ಯಂಟಿಬಾಡಿಗೆ ರಕ್ತಪರೀಕ್ಷೆ ಇದೆ. ಅದು ಪಾಸಿಟಿವ್ ಬಂದರೆ ಪರ್ನಿಶಿಯಸ್ ಎಂಬುದು ಹೆಚ್ಚುಕಡಿಮೆ ಖಚಿತ. ನೆಗೆಟಿವ್ ಬಂದರೆ ಮಾತ್ರ ಇಲ್ಲ ಎಂದು ಬಾಗಿಲು ಹಾಕುವ ಹಾಗಿಲ್ಲ, ಏಕೆಂದರೆ ಕಾಯಿಲೆ ಇರುವ ಎಲ್ಲರಲ್ಲೂ ಆ ಆ್ಯಂಟಿಬಾಡಿ ಸಿಗುವುದಿಲ್ಲ.