ಬಿರುಕು ಕೊಟ್ಟ ಆಕಾರ: ಸಾಲ್ಗಿನಾಟೋಬೆಲ್ ಸೇತುವೆಯ ಹಿನ್ನೆಲೆ

ಸ್ವಿಟ್ಜರ್ಲೆಂಡಿನ ಗ್ರೌಬ್ಯುಂಡೆನ್ ಪ್ರಾಂತ್ಯದಲ್ಲಿ, ಶಿಯರ್ಸ್‌ನಿಂದ ಶೂಡರ್ಸ್ ಎಂಬ ಬೆಟ್ಟದ ಹಳ್ಳಿಗೆ ಹೋಗುವ ರಸ್ತೆಯನ್ನು ಆಳವಾದ ಕೊರಕಲಿನಾಚೆ ದಾಟಿಸುವ ಸಾಲ್ಗಿನಾಟೋಬೆಲ್ ಸೇತುವೆ 1930ರಲ್ಲಿ ಸಿದ್ಧವಾಯಿತು. ಸುಮಾರು 90 ಮೀಟರ್ ಅಗಲಕ್ಕೆ ಚಾಚಿದ ಈ ಕಾಂಕ್ರೀಟ್ ಕಮಾನನ್ನು ನೋಡಿದವರು ಅದರ ಚೆಲುವನ್ನೇ ಮೊದಲು ಹೊಗಳುತ್ತಾರೆ. ಆದರೆ ಆ ಆಕಾರದ ಮೂಲವಿರುವುದು ಬೇರೊಂದು ಸೇತುವೆಯ ಬಿರುಕಿನಲ್ಲಿ.

ಎಂಜಿನಿಯರ್ ರಾಬರ್ಟ್ ಮೈಯಾರ್ 1901ರಲ್ಲಿ ಸುವೋಟ್ಸ್ ಎಂಬಲ್ಲಿ ಇನ್ ನದಿಗೆ ಕಟ್ಟಿಸಿದ ಸೇತುವೆಯಲ್ಲಿ ಕಮಾನಿನ ಹಲಗೆ, ಪಕ್ಕದ ಗೋಡೆಗಳು ಮತ್ತು ರಸ್ತೆಯ ಹಾಸು ಒಂದಾಗಿ ಬೆಸೆದು ಟೊಳ್ಳು ಪೆಟ್ಟಿಗೆಯಂತೆ ಭಾರ ಹೊರುತ್ತಿದ್ದವು. ಎರಡು ವರ್ಷಗಳಲ್ಲಿ ದಡದ ಸಮೀಪದ ಗೋಡೆಗಳು ಬಿರುಕು ಬಿಟ್ಟವು. ಸೇತುವೆಗೆ ಅಪಾಯವೇನೂ ಇರಲಿಲ್ಲ, ಗಾರೆ ಮೆತ್ತಿ ಮರೆಯಬಹುದಿತ್ತು. ಮೈಯಾರ್ ಮಾತ್ರ ಆ ಭಾಗದ ಗೋಡೆಯೇ ಅನಗತ್ಯವೆಂದು ತೀರ್ಮಾನಿಸಿ, 1905ರ ತಾವನಾಸಾ ಸೇತುವೆಯಲ್ಲಿ ಅದನ್ನು ತೆಗೆದೇಬಿಟ್ಟರು. ಆ ಸೇತುವೆ 1927ರಲ್ಲಿ ಭೂಕುಸಿತಕ್ಕೆ ಸಿಕ್ಕಿ ನಾಶವಾಯಿತು. ಅದರ ವಿನ್ಯಾಸ ಮರುವರ್ಷವೇ ಸಾಲ್ಗಿನಾದ ನಕ್ಷೆಯಲ್ಲಿ ಇನ್ನಷ್ಟು ಪಳಗಿ ಮರಳಿತು.

ಈ ಕಮಾನಿಗೆ ಎರಡು ಬುಡಗಳಲ್ಲಿ ಒಂದೊಂದು, ನೆತ್ತಿಯಲ್ಲಿ ಒಂದು, ಹೀಗೆ ಮೂರು ಕೀಲುಗಳಿವೆ. ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿದರೂ ಚಳಿಗೆ ಕುಗ್ಗಿದರೂ ನೆತ್ತಿ ತುಸು ಏರಿ ಇಳಿಯುತ್ತದೆಯೇ ಹೊರತು ಕಮಾನಿನೊಳಗೆ ಹೆಚ್ಚುವರಿ ಒತ್ತಡ ಉಳಿಯುವುದಿಲ್ಲ. ಕೀಲಿನಲ್ಲಿ ಬಾಗುವ ಒತ್ತಡವೇ ಇಲ್ಲದ್ದರಿಂದ ಅಲ್ಲಿ ಕಮಾನು ತೆಳು. ಸೇತುವೆಯ ಒಂದು ಬದಿಗಷ್ಟೇ ವಾಹನದ ಭಾರ ಬಿದ್ದಾಗ ಹೆಚ್ಚು ಬಾಗುವುದು ಬುಡಕ್ಕೂ ನೆತ್ತಿಗೂ ನಡುವಿನ ಭಾಗವಾದ್ದರಿಂದ ಅಲ್ಲಿ ಅದು ದಪ್ಪ. ದೂರದಿಂದ ಕಾಣುವ ಆ ಉಬ್ಬು ಅಲಂಕಾರವಲ್ಲ, ಲೆಕ್ಕ.

ಕಟ್ಟುವ ಕ್ರಮದಲ್ಲೂ ಅದೇ ಜಾಣತನವಿತ್ತು. ಇಂಥ ಕಂದರದಲ್ಲಿ ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಅದನ್ನು ಹೊರುವ ಅಟ್ಟಣೆಯ ಖರ್ಚು ಸಣ್ಣದಲ್ಲ. ರಿಚರ್ಡ್ ಕೊರೈ ನಿಲ್ಲಿಸಿದ ಮರದ ಅಟ್ಟಣೆ ಹೊರಬೇಕಾಗಿದ್ದುದು ಕಮಾನಿನ ತೆಳು ತಳಹಲಗೆಯ ಭಾರವನ್ನು ಮಾತ್ರ. ಅದು ಗಟ್ಟಿಯಾದ ಮೇಲೆ ಗೋಡೆ, ರಸ್ತೆಹಾಸುಗಳ ಭಾರ ಹೊರಲು ತಾನೇ ನೆರವಾಯಿತು. ಹೀಗಾಗಿ ಹಗುರ ಅಟ್ಟಣೆ ಸಾಕಾಯಿತು. ಸ್ಪರ್ಧೆಗೆ ಬಂದ 19 ವಿನ್ಯಾಸಗಳಲ್ಲಿ ಗುತ್ತಿಗೆದಾರ ಫ್ಲೋರಿಯನ್ ಪ್ರಾಡರ್ ಜೊತೆ ಮೈಯಾರ್ ಸಲ್ಲಿಸಿದ್ದೇ ಅತಿ ಅಗ್ಗವಾಗಿತ್ತು, ಆಯ್ಕೆಗೆ ಕಾರಣವೂ ಅದೇ.

ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ 1991ರಲ್ಲಿ ಈ ಸೇತುವೆಯನ್ನು ಅಂತರರಾಷ್ಟ್ರೀಯ ಐತಿಹಾಸಿಕ ನಿರ್ಮಾಣವೆಂದು ಗೌರವಿಸಿತು. ಮೈಯಾರ್ ಅವರಿಗೆ ಮಾತ್ರ ಈ ಸೇತುವೆಯ ಆಕಾರದಲ್ಲಿ ಒಂದು ತಕರಾರಿತ್ತು: ನೆತ್ತಿಯಲ್ಲಿ ಕೀಲಿದ್ದರೂ ಕಮಾನಿನ ಅಡಿಭಾಗವನ್ನು ಹಳೆಯ ಕಲ್ಲಿನ ಕಮಾನುಗಳ ರೂಢಿಯಂತೆ ನುಣುಪಾಗಿ ಬಾಗಿಸಲಾಗಿತ್ತು. 1933ರ ಫೆಲ್ಸೆಗ್ ಸೇತುವೆಯಲ್ಲಿ ಅವರು ಅದನ್ನು ಬಿಟ್ಟು, ನೆತ್ತಿಯನ್ನು ಚೂಪಾಗಿ ಮುರಿದರು.